ಗಾರ್ಡ್ ಕಾಕಾರ ಕೆಂಪು ಝಂಡಿ

ಪಕ್ಕದ ಮನೆಯವರು ಮಿಕ್ಸರ್ ಹಾಕಿದರೆ ಈಗಲೂ ನನ್ನ ಕುತ್ತಿಗೆಯ ಹಿಂದೆ ಚರ್ಮ ಬಿಗಿಯುತ್ತದೆ. ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಹಳೆಯ ಫ್ಯಾನು ಗುಂಯ್‌ಗುಟ್ಟತೊಡಗಿದರೆ ಸೀಟು ಬಿಟ್ಟೆದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಆಮೇಲೆ ನಾಚಿಕೆಯಾಗುತ್ತದೆ. ಅದು ಬರೀ ಫ್ಯಾನು ಎಂದು ಹೇಳಿಕೊಳ್ಳುತ್ತೇನೆ. ಮೈ ಕೇಳುವುದಿಲ್ಲ. ಕಳೆದ ಸಂಕ್ರಾಂತಿಯ ಮಧ್ಯಾಹ್ನ ಅದರ ಪಾಲಿಗೆ ಇನ್ನೂ ಮುಗಿದಿಲ್ಲ.

ಆ ಮಧ್ಯಾಹ್ನದಿಂದ ನನ್ನ ಮಗಳನ್ನು ಹೊರಗೆ ತಂದವರು ಘಾಟ್ಕೋಪರದ ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇದ್ದ ಗಾರ್ಡ್ ಕಾಕಾ. ಈ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಡಾಕ್ಟರು ಹೃದಯ ಎಂದರು. ಜನವರಿಯ ಆ ವಿಷಕ್ಕೂ ಸೆಪ್ಟೆಂಬರಿನ ಹೃದಯಕ್ಕೂ ಏನಾದರೂ ಸಂಬಂಧ ಇದೆಯೇ ಎಂದು ನಾನು ಕೇಳಲಿಲ್ಲ. ಉತ್ತರಕ್ಕೆ ಹೆದರಿದೆ.

ವಿಜಯಪುರದ ಕಡೆಯ ಒಂದು ಹಳ್ಳಿಯವರು. ಮೂವತ್ತಕ್ಕೂ ಹೆಚ್ಚು ವರ್ಷ ಸೆಂಟ್ರಲ್ ಲೈನಿನ ಲೋಕಲ್‌ಗಳ ಕೊನೆಯ ಡಬ್ಬದಲ್ಲಿ ಗಾರ್ಡ್ ಆಗಿದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಿವೃತ್ತರಾದರೂ ಬಿಳಿ ಪ್ಯಾಂಟಿನ ಇಸ್ತ್ರಿ ತಪ್ಪಿರಲಿಲ್ಲ. ಮನೆಯಿಂದ ಹೊರಡುವಾಗ ಮೊದಲು ತಲೆ ಮಾತ್ರ ಬಾಗಿಲಾಚೆ ಚಾಚಿ ಕಾರಿಡಾರಿನ ಎರಡೂ ಕಡೆ ನೋಡುವರು. ಪ್ಲಾಟ್‌ಫಾರ್ಮಿನ ಜನ ಹತ್ತಿ ಆಯಿತೇ ಎಂದು ನೋಡಿದ ಹಾಗೆ. ಆಮೇಲೆ ಚೌಕಟ್ಟಿಗೆ ಬೆರಳ ಗಂಟಿನಿಂದ ಎರಡು ಸಲ ಬಡಿದು ಹೊರಡುವರು. ಗಾರ್ಡ್ ಎರಡು ಬೆಲ್ ಕೊಟ್ಟರೆ ಗಾಡಿ ಹೊರಡಬಹುದು, ಒಂದು ಕೊಟ್ಟರೆ ನಿಲ್ಲಬೇಕು. ಕಾಕಾರನ್ನು ಅಜ್ಜಾ ಎನ್ನುತ್ತಿದ್ದ ನನ್ನ ಮಗಳು ಪುಟ್ಟಿ ಅ ಆ ಇ ಈ ಕಲಿಯುವ ಮೊದಲು ಇದನ್ನು ಕಲಿತಳು. ಹೋಮ್‌ವರ್ಕ್ ಮಾಡು ಎಂದರೆ ಟೇಬಲ್ಲಿಗೆ ಒಂದು ಸಲ ಬಡಿದು ನನ್ನನ್ನು ನಿಲ್ಲಿಸಿಬಿಡುವಳು.

"ಮೋಟರ್‌ಮನ್ ಮುಂದ ಬರೋದು ನೋಡ್ತಾನ. ನಾ ಹಿಂದ ಉಳಿದಿದ್ದು ನೋಡ್ಕೋತ ಕುಂತಾವ," ಎನ್ನುತ್ತಿದ್ದರು. "ಮೂವತ್ತು ವರ್ಷ ಹಳಿ ಬಾಜೂಕ ಏನೇನ್ ಬೆಳೀತಾವ ಅಂತ ನೋಡೇನಿ. ಅದನ್ನ ಯಾರೂ ನೆಟ್ಟಿಲ್ಲ, ಯಾರೂ ನೀರ ಹಾಕಿಲ್ಲ. ಕುರ್ಲಾ ದಾಟಿದ ಮ್ಯಾಲ ಆ ಜಲ್ಲಿಕಲ್ಲಿನ್ಯಾಗ ತುಂಬಿ ಗಿಡ ಹೂ ಬಿಡ್ತದ ಯವ್ವಾ. ಅದರ ಮ್ಯಾಲ ಜೇನು ಕುಂತಿರ್ತದ. ಗಾಡಿ ಹೋದ್ರೂ ಏಳಂಗಿಲ್ಲ."

ನಿವೃತ್ತಿಯಾದ ಮೇಲೆ ಕಾಕಾ ಆ ಗಿಡಗಳನ್ನು ನಮ್ಮ ಟೆರೇಸಿಗೆ ತಂದರು. ರಸ್ತೆಬದಿಯಲ್ಲಿ, ಖಾಲಿ ಪ್ಲಾಟುಗಳಲ್ಲಿ ಬೀಜ ಆಯ್ದು ಅಂಗಿಯ ಜೇಬಿನಲ್ಲಿ ತರುತ್ತಿದ್ದರು. ಪೇಂಟಿನ ಬಕೆಟ್, ಅರ್ಧ ಕೊಯ್ದ ನೀಲಿ ಡ್ರಮ್, ಯಾರೋ ಎಸೆದ ವಾಷಿಂಗ್ ಮಷೀನಿನ ತೊಟ್ಟಿ, ಇವೇ ಕುಂಡಗಳು. ಕಾಕಾರ ಬಾಯಲ್ಲಿ ತುಂಬಿಯಾದ ತುಂಬೆ, ಗೋರಟೆ, ಆಡುಸೋಗೆ, ಎಕ್ಕ, ಕಾಮಕಸ್ತೂರಿ, ಒಣಗಿದ ಕಾಯಿ ಗಲಗಲ ಅನ್ನುವ ಗಿಲಿಗಿಚ್ಚೆ. ಒಣಗಿದ ದಂಟನ್ನೂ ಕೀಳಲು ಬಿಡುತ್ತಿರಲಿಲ್ಲ. ಅದರ ಟೊಳ್ಳಿನಲ್ಲಿ ಸಣ್ಣ ಜೇನುಹುಳಗಳು ಮೊಟ್ಟೆ ಇಡುತ್ತವಂತೆ.

ಎರಡನೇ ಮಹಡಿಯ ಜಿಗ್ನೇಶ್ ಭಾಯಿ ಮೇಲೆ ಬಂದಾಗಲೆಲ್ಲ ಗುಲಾಬಿ ಬಿಟ್ಟು ಹಳಿ ಬದಿಯ ಹುಲ್ಲು ನೆಟ್ಟಿದ್ದೀರಿ ಎಂದು ಗೇಲಿ ಮಾಡುವರು. "ಕಾಕಾ, ಗುಲಾಬ್ ಲಗಾವ್ ನಾ. ಯೇ ತೋ ರೇಲ್ವೇ ಪಟರೀ ಕಾ ಘಾಸ್ ಹೈ!"

"ಹಾಂ ಭಾಯ್, ಪಟರೀ ಕಾ ಹೈ," ಕಾಕಾ ನಗದೆ ಹೇಳುವರು. "ಇಸ್‌ಲಿಯೇ ಟೈಮ್ ಪೇ ಫೂಲ್ ದೇತಾ ಹೈ."

ಒಮ್ಮೆ ಅವರ ಹುಟ್ಟುಹಬ್ಬಕ್ಕೆ ನಾನು ಆನ್‌ಲೈನಿನಲ್ಲಿ ಕೋನ್‌ಫ್ಲವರ್ ಬೀಜದ ಪೊಟ್ಟಣ ತರಿಸಿದ್ದೆ. ನೇರಳೆ ಎಸಳು ಕೆಳಗೆ ಬಾಗಿ, ನಡುವೆ ಮುಳ್ಳುಮುಳ್ಳಾದ ಕಂದು ಉಬ್ಬು ಎದ್ದ ಹೂವು. ಜೇನು, ಚಿಟ್ಟೆಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಕಾಕಾ ಕನ್ನಡಕ ಹಣೆಗೇರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಭಾಳ ಛಂದ ಐತಿ. ಇದರ ಊರ ಯಾವದು?"

"ದೂರದ್ದು ಕಾಕಾ. ಅಮೆರಿಕಾದ್ದು."

"ಹಂಗಾರ ಇದು ಅಲ್ಲೀ ಹುಳಕ್ಕ ತುಂಬಿ ಗಿಡ ಇದ್ದಂಗ. ಅಲ್ಲಿ ಯಾರರ ಒಬ್ಬ ಗಾರ್ಡ್ ಇದನ್ನ ನೋಡ್ಕೋತ ಹೋಗ್ತಿರಬೇಕು." ಬೇಡ ಅನ್ನಲಿಲ್ಲ. ಒಂದು ಬಕೆಟಿನಲ್ಲಿ ಬಿತ್ತಿದರು. ಮೊಳೆಯಿತು, ನಾಲ್ಕು ಎಲೆ ಬಿಟ್ಟಿತು, ಜುಲೈ ಮಳೆಗೆ ಕೊಳೆಯಿತು. ಊರಿಗೆ ಬಂದ ನೆಂಟರು ಕಾಯಿಲೆ ಬಿದ್ದಷ್ಟು ಕಾಕಾ ಬೇಸರ ಮಾಡಿಕೊಂಡರು.

ನವೆಂಬರಿನ ಹೊತ್ತಿಗೆ ಹೆಜ್ಜೇನು ಬರುತ್ತಿತ್ತು. ಟೆರೇಸಿನ ಆ ತುದಿಯಲ್ಲಿ ಕಂಬಗಳ ಮೇಲೆ ನಿಂತ ನೀರಿನ ಟ್ಯಾಂಕಿನ ತಳಕ್ಕೆ ಅವು ಕಪ್ಪು ಪರದೆಯಂತೆ ಜೋತುಬೀಳುತ್ತಿದ್ದವು. ಬಂದ ದಿನವೇ ಕಾಕಾ ಟೆರೇಸಿನ ನಡುವೆ ಸುಣ್ಣದಿಂದ ಬಿಳಿ ಗೆರೆ ಎಳೆದು, ಅಲ್ಲಿ ಹಾದುಹೋಗುವ ಟ್ಯಾಂಕಿನ ಪೈಪಿಗೆ ಗಾರ್ಡ್ ಬಾವುಟವಾದ ತಮ್ಮ ಕೆಂಪು ಝಂಡಿ ಕಟ್ಟುವರು; ದಿನಾ ಬೆಳಿಗ್ಗೆ ಬಿಚ್ಚಿ ಧೂಳು ಕೊಡವಿ ಮತ್ತೆ ಕಟ್ಟುವರು. ಈಚೆ ಬಟ್ಟೆ ಒಣಹಾಕಬಹುದು, ಆಚೆ ಹೋಗುವಂತಿಲ್ಲ. ಮಾರ್ಚಿನಲ್ಲಿ ಹುಳ ತಾನಾಗಿ ಎದ್ದುಹೋದ ಮೇಲೆ ಹಸಿರು ಝಂಡಿ. ಮೆಟ್ಟಿಲಿನ ಕೊನೆಯಲ್ಲಿ ಟೆರೇಸಿನ ಕಬ್ಬಿಣದ ಬಾಗಿಲ ಒಳಗೆ ಸ್ಟೇಷನ್ನಿನಲ್ಲಿರುವ ಹಾಗೆ ಒಂದು ಕೆಂಪು ಬಕೆಟ್, ತುಂಬ ನೀರು. ಪಕ್ಕದಲ್ಲಿ ಮಡಿಸಿಟ್ಟ ಅವರ ತಾಯಿ ಹೊಲಿದ ದಪ್ಪ ಕೌದಿ. ಹಳೆಯ ಸೀರೆ, ಧೋತರಗಳ ಏಳೆಂಟು ಪದರ. ನಾವೆಲ್ಲ ನಗುತ್ತಿದ್ದೆವು. ಕಾಕಾ ಮಾತ್ರ ದಿನಾ ಬಕೆಟಿನ ನೀರು ಬದಲಿಸುವರು.

"ಪ್ಯಾಸೆಂಜರ್ ಇದ್ದಂಗ ಅವು. ಸುಮ್ನ ಬಿಟ್ರ ಸುಮ್ನ ಕೂಡ್ತಾವ. ಚೈನ್ ಜಗ್ಗಿದ್ರ ಮುಗೀತು."

ಅವರಿಗೆ ಒಂದೇ ಒಂದು ಹೆಮ್ಮೆಯಿತ್ತು. ಇಡೀ ಸರ್ವಿಸಿನಲ್ಲಿ ಒಂದು ದಿನವೂ ಝಂಡಿ ಮರೆತವರಲ್ಲ. ಜ್ವರವಿದ್ದಾಗಲೂ, ಹೆಂಡತಿ ಆಸ್ಪತ್ರೆಯಲ್ಲಿದ್ದಾಗಲೂ. "ಬ್ಯಾರೆ ಏನರ ಕೇಳು, ಮರತೇನಿ. ಝಂಡಿ ಮರತಿಲ್ಲ," ಎಂದು ಸಿಕ್ಕವರಿಗೆಲ್ಲ ಹೇಳಿ ಹೇಳಿ ಬಿಲ್ಡಿಂಗಿಗೇ ಅದು ಬಾಯಿಪಾಠವಾಗಿತ್ತು.

ಆ ವರ್ಷ ಸೊಸೈಟಿಯ ಸೆಕ್ರೆಟರಿ ನಾನು. ಘಾಟ್ಕೋಪರದಲ್ಲಿ ಸಂಕ್ರಾಂತಿ ಎಂದರೆ ಟೆರೇಸು, ಗಾಳಿಪಟ, ಸ್ಪೀಕರು. ಒಂದು ದಿನ ಟೆರೇಸ್ ಇಲ್ಲ ಎಂದರೆ ಯಾರೂ ಒಪ್ಪುವುದಿಲ್ಲ. ಅರ್ಧ ಟೆರೇಸಿನಲ್ಲಿ ಊಟ ಮಾಡಿ, ಗಾಳಿಪಟ ಮಾತ್ರ ಬೇಡ ಎಂದು ಕಾಕಾ ಒಪ್ಪಿಸಿದ್ದರು. ಹಬ್ಬದ ಬೆಳಿಗ್ಗೆ ಅವರು ಪ್ರತಿವರ್ಷದಂತೆ ಕುಸುರೆಳ್ಳಿನ ಡಬ್ಬಿ ಹಿಡಿದು ಕುರ್ಲಾದಲ್ಲಿದ್ದ ಹಳೆಯ ಮೋಟರ್‌ಮನ್ ಗೆಳೆಯನ ಮನೆಗೆ ಹೊರಟರು. ನಮ್ಮ ಬಾಗಿಲಲ್ಲಿ ನಿಂತು, "ಝಂಡಿ ಹಚ್ಚೇನಿ. ಬಿಳೀ ಗೆರಿ ದಾಟಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳು," ಎಂದು ಎರಡು ಸಲ ಬಡಿದು ಹೋದರು.

ಹನ್ನೊಂದಕ್ಕೆ ಮೇಲೆ ಹೋದಾಗ ಜಿಗ್ನೇಶ್ ಭಾಯಿ ಸ್ಪೀಕರಿನ ವಯರು ಎಳೆಯುತ್ತಿದ್ದರು. "ಸೆಕ್ರೆಟರಿ ಬೆನ್, ಪಚಾಸ್ ಲೋಗ್ ಆಧೇ ಟೆರೇಸ್ ಮೇಂ ಕೈಸೇ? ಔರ್ ಯೇ ಲಾಲ್ ಝಂಡಾ! ಮೇಹಮಾನ್ ಪೂಛೇಂಗೇ, ಆಜ್ ಯೂನಿಯನ್ ಕಾ ಹರ್‌ತಾಲ್ ಹೈ ಕ್ಯಾ? ಕುಛ್ ತೋ ಕರೋ." ಐವತ್ತು ಜನ ಅರ್ಧ ಟೆರೇಸಿನಲ್ಲಿ, ನಡುವೆ ಮುಷ್ಕರದ ಬಾವುಟ ಎಂಬ ಮಾತಿಗೆ ನಾನೂ ನಕ್ಕೆ. ಅವರು ಊಟದ ಪಾತ್ರೆ ತರಲು ಕೆಳಗಿಳಿದರು.

ಟ್ಯಾಂಕಿನ ಕೆಳಗೆ ಕಪ್ಪು ಪರದೆ ಸುಮ್ಮನೆ ತೂಗುತ್ತಿತ್ತು. ಎರಡು ತಿಂಗಳಿಂದ ಯಾರಿಗೂ ಏನೂ ಮಾಡಿರಲಿಲ್ಲ. ಬೇರೆ ಯಾರೂ ಇರಲಿಲ್ಲ. ಗಂಟು ಬಿಗಿಯಾಗಿತ್ತು, ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದೆ, ದಾರ ಪೈಪಿನಲ್ಲೇ ಉಳಿಯಿತು. ಝಂಡಿಯನ್ನು ಮಡಿಸಿ ದುಪಟ್ಟಾದೊಳಗೆ ಇಟ್ಟುಕೊಂಡು ಬಂದು ಅಡುಗೆಮನೆಯ ಡ್ರಾಯರಿನಲ್ಲಿ ಹಾಕಿದೆ. ಸಂಜೆ ಮತ್ತೆ ಕಟ್ಟಿದರಾಯಿತು ಅಂದುಕೊಂಡೆ. ಸೆಣಬಿನ ದಾರದ ಆ ರುಚಿ ನನ್ನ ನಾಲಗೆಯ ಮೇಲೆ ಇವತ್ತಿಗೂ ಇದೆ.

ಝಂಡಿ ಕಾಣದ್ದನ್ನು ನೋಡಿ ಎಲ್ಲರೂ ಕಾಕಾನೇ ಬಿಚ್ಚಿರಬೇಕು ಅಂದುಕೊಂಡರು. ಹುಡುಗರು ಗಾಳಿಪಟವನ್ನೂ ತಂದರು. ಮೂರು ಗಂಟೆಯ ಸುಮಾರಿಗೆ ಪಕ್ಕದ ಬಿಲ್ಡಿಂಗಿನ ಒಂದು ಗಾಳಿಪಟ ಹತೋಟಿ ತಪ್ಪಿ ಬಂದು ನಮ್ಮ ಟ್ಯಾಂಕಿನ ಕಂಬಕ್ಕೆ ಸಿಕ್ಕಿಕೊಂಡಿತು. ಪುಟ್ಟಿ, ಹತ್ತು ವರ್ಷದವಳು, ಅದನ್ನು ಹಿಡಿಯಲು ಗೆರೆ ದಾಟಿ ಓಡಿದಳು. ಅದೇ ಹೊತ್ತಿಗೆ ಆ ಕಡೆಯಿಂದ ಯಾರೋ ಮಾಂಜಾ ಎಳೆದರು. ಗಾಜು ಹಚ್ಚಿದ ದಾರ ಕಪ್ಪು ಪರದೆಯ ನಡುವೆ ಗರಗಸದ ಹಾಗೆ ಹಾಯ್ದದ್ದು ನನಗೆ ಕಾಣಿಸಿತು. ಪರದೆಯ ಮೇಲೆ ಒಂದು ಅಲೆ ಎದ್ದಿತು. ಸ್ಪೀಕರಿನ ಹಾಡಿನ ಕೆಳಗಿನಿಂದ ಬೇರೊಂದು ಸದ್ದು ಬಂತು. ಅರ್ಧ ಪರದೆ ಕಳಚಿ ಗಾಳಿಯಾಯಿತು.

ಬಾಗಿಲಿನಲ್ಲಿ ಒಮ್ಮೆಗೆ ಒಬ್ಬರೇ ಹಾಯಬಹುದು. ನಾನು ಚಿಕ್ಕಿಯ ತಟ್ಟೆ ಹಿಡಿದು ಅದರ ಹತ್ತಿರವೇ ಇದ್ದೆ. ಜನ ನನ್ನನ್ನು ನೂಕಿ ಮೂರು ಮೆಟ್ಟಿಲು ಕೆಳಗೆ ತಳ್ಳಿದರು. ತಿರುಗಿ ಏರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಜಿಗ್ನೇಶ್ ಭಾಯಿ ಬೆನ್ನು ಕೊಟ್ಟು ನಿಂತಿದ್ದರು. ಅವರ ಒಂದು ಕಣ್ಣು ಆಗಲೇ ಊದಿತ್ತು.

"ಪುಟ್ಟಿ ಹೊರಗಿದ್ದಾಳೆ!" ಯಾವ ಭಾಷೆಯಲ್ಲಿ ಕಿರುಚಿದೆನೋ ನೆನಪಿಲ್ಲ.

"ಬೆನ್, ಖೋಲಾ ತೋ ಸಬ್ ಮರೇಂಗೇ!" ತೆಗೆದರೆ ಎಲ್ಲರೂ ಸಾಯುತ್ತೇವೆ ಎಂದು ಅವರು ಅಳುತ್ತಿದ್ದರು. ಅವರನ್ನು ನಾನು ಹೊಡೆದೆ. ಬಾಗಿಲಾಚೆ ಪುಟ್ಟಿ "ಮಮ್ಮಾ" ಅನ್ನುತ್ತಿದ್ದಳು. ಮಾತಲ್ಲ, ಉಸಿರು ಸಿಕ್ಕಾಗಲೆಲ್ಲ ಅದೊಂದೇ.

ಆಗ ಕೆಳಗಿನಿಂದ ಕಾಕಾ ಬಂದರು. ಕುರ್ಲಾದಿಂದ ಆಗಷ್ಟೇ ಮರಳಿದ್ದರು, ಕೈಯಲ್ಲಿ ಖಾಲಿ ಡಬ್ಬಿ. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟರು. ರೇಲಿಂಗಿಗೆ ಒಂದು ಸಲ ಬಡಿದರು. ಅಷ್ಟು ಜನರ ಗಲಾಟೆ ನಿಂತಿತು. ವರ್ಷಗಳಿಂದ ಆ ಸದ್ದಿಗೆ ನಿಂತು ರೂಢಿಯಾಗಿತ್ತೋ ಏನೋ.

ಕೌದಿಯನ್ನು ಬಕೆಟಿನಲ್ಲಿ ಅದ್ದಿ, ಹಿಂಡದೆ ತಲೆಯ ಮೇಲೆ ಹೊದ್ದರು. "ಏಕ್ ಆದ್ಮೀ ಜಿತನಾ ಖೋಲೋ. ಮೇರೇ ಪೀಛೇ ಬಂದ್ ಕರೋ. ಪೈಪ್ ಪೇ ದೋ ಬಾರ್ ಬಜಾ ತೋ ಖೋಲನಾ. ಏಕ್ ಬಾರ್ ಬಜಾ ತೋ ನಹೀಂ ಖೋಲನಾ." ಪೈಪಿಗೆ ಎರಡು ಸಲ ಬಡಿದರೆ ತೆಗೆಯಿರಿ, ಒಂದು ಸಲವಾದರೆ ಬೇಡ ಎಂದು ಪ್ಲಾಟ್‌ಫಾರ್ಮಿನಲ್ಲಿ ಹೇಳುವ ಹಾಗೆ ಹೇಳಿದರು. ನನ್ನ ಕಡೆ ತಿರುಗಿ, "ಒಂದ್ ಸಲ ಬಡದ್ರ ನಾವು ಅದೀವಿ ಅಂತ ತಿಳಿ. ನೀ ಬರಬ್ಯಾಡ ಯವ್ವಾ," ಎಂದರು. ಹೋದರು. ಬಾಗಿಲು ಮುಚ್ಚಿತು.

ಟ್ಯಾಂಕಿನಿಂದ ಕೆಳಗಿಳಿಯುವ ಪೈಪು ಆ ಮೆಟ್ಟಿಲಿನ ಗೋಡೆಗುಂಟ ಹಾದುಹೋಗುತ್ತದೆ. ಅದಕ್ಕೆ ಕಿವಿ ಹಚ್ಚಿ ಕೂತೆ. ಕಬ್ಬಿಣದ ಬಾಗಿಲಿಗೆ ಹುಳಗಳು ಬಂದು ಬಡಿಯುತ್ತಿದ್ದವು, ಮುಷ್ಟಿಗಟ್ಟಲೆ ಜೋಳ ಎರಚಿದ ಹಾಗೆ. ಕಾಕಾರ ದನಿ ಕೇಳಿತು. "ಪುಟ್ಟಿ, ಓಡಬ್ಯಾಡ. ಕೈ ಬೀಸಬ್ಯಾಡ. ಕೂಡು ಅಲ್ಲೇ, ನಾ ಬಂದೆ." ಆಮೇಲೆ ಪುಟ್ಟಿಯ ಕೂಗು ನಿಂತಿತು. ಅದು ನಿಂತದ್ದು, ಕೂಗುತ್ತಿದ್ದುದಕ್ಕಿಂತ ಭಯಂಕರವಾಗಿತ್ತು.

ಠಣ್. ಒಂದು.

ಇದ್ದಾರೆ. ಬಾಗಿಲು ತೆಗೆಯುವಂತಿಲ್ಲ.

ಎಷ್ಟೋ ಹೊತ್ತಿಗೆ ಇನ್ನೊಂದು. ಮತ್ತೊಂದು. ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ಯಾರೋ ಅಗ್ನಿಶಾಮಕದವರಿಗೆ ಫೋನ್ ಮಾಡಿ ವಿಳಾಸ ಹೇಳುತ್ತಿದ್ದರು, ಅದನ್ನೇ ಮೂರು ಸಲ. ನಾಲ್ಕನೆಯದೋ ಐದನೆಯದೋ ಆದಮೇಲೆ ಪೈಪು ಸುಮ್ಮನಾಯಿತು. ಒಳಗೆ ನೀರು ಇಳಿಯುವ ಸದ್ದು ಮಾತ್ರ. ಕೈಗಳನ್ನು ಕಚ್ಚಿಕೊಂಡೆ. ಬಾಯಲ್ಲಿ ಸೆಣಬಿನ ರುಚಿ.

ಆಮೇಲೆ ಒಂದು ಸದ್ದು ಬಂತು. ಮೆಲ್ಲಗೆ, ಸಣ್ಣ ಕೈಯದು. ಒಂದು. ಎರಡು.

ಬಾಗಿಲು ತೆಗೆದಾಗ ಮೊದಲು ಕೌದಿ ಕಾಣಿಸಿತು. ಅದರೊಳಗೆ ತಲೆಯಿಂದ ಪಾದದವರೆಗೆ ಪುಟ್ಟಿ. ಅವಳ ಕೈ ಹಿಡಿದು ಕಾಕಾ. ಕೌದಿಯ ಒಂದು ಅಂಚೂ ಅವರ ಮೇಲಿರಲಿಲ್ಲ. ಮುಖ ಯಾರದೆಂದು ಗುರುತು ಹತ್ತುವಂತಿರಲಿಲ್ಲ. ಆ ಹೊತ್ತಿನಲ್ಲೂ ಅವರು ನಿಧಾನವಾಗಿ ನಡೆದರು. ಒಳಗೆ ಬಂದು, "ಬಾಗಲಾ ಹಾಕ್ರಿ," ಎಂದು ಕೂತುಬಿಟ್ಟರು.

"ಅಜ್ಜಾ ಕಾ ಹಾತ್ ನಹೀಂ ಉಠ ರಹಾ ಥಾ," ಪುಟ್ಟಿ ಹೇಳಿದಳು. "ಬೋಲೇ, ತೂ ಬಜಾ." ಅವರ ಕೈ ಏಳದಾಗ ಎರಡು ಸಲ ಬಡಿದದ್ದು ಅವಳೇ.

ಪುಟ್ಟಿಗೆ ಏಳು ಮುಳ್ಳು. ಕಾಕಾರ ಮೈಯಿಂದ ತೆಗೆದವನ್ನು ನರ್ಸು ಎಣಿಸುವುದನ್ನು ನಡುವೆಯೇ ಬಿಟ್ಟಳಂತೆ. ಎರಡು ವಾರ ಆಸ್ಪತ್ರೆಯಲ್ಲಿದ್ದರು. ಮಾತು ಬಂದ ದಿನ ಕೇಳಿದ್ದು, "ತುಂಬಿಗೆ ನೀರ ಹಾಕೀರೇನು?" ಪುಟ್ಟಿ ಅವರ ಮುಖ ನೋಡಿ, "ಅಜ್ಜಾ, ತುಮ್ ಬಟಾಟಾ ವಡಾ ದಿಖ್ತೇ ಹೋ," ಎಂದಾಗ ನಕ್ಕು, ನಕ್ಕಿದ್ದಕ್ಕೆ ನೋವಾಗಿ, "ಚಟ್ನಿ ತಾರಲೇ," ಅಂದರು. ಝಂಡಿಯ ಮಾತು ಎತ್ತಲಿಲ್ಲ. ದಿನವೂ ಅವರು ಕೇಳುತ್ತಾರೆಂದು ಹೆದರುತ್ತಾ ಹೋಗುತ್ತಿದ್ದೆ. ಕೇಳದೆ ಇದ್ದಾಗ ಇನ್ನೂ ಹೆದರಿ ಮರಳುತ್ತಿದ್ದೆ.

ಅವರು ಮನೆಗೆ ಬಂದ ಮೇಲೆ ಸೊಸೈಟಿಯ ಮೀಟಿಂಗ್ ಆಯಿತು. ಬರೆದುಕೊಳ್ಳುವ ಪುಸ್ತಕ ನನ್ನ ಮಡಿಲಲ್ಲಿ. ಯಾರೋ ಕೇಳಿದರು, ಆ ದಿನ ಝಂಡಿ ಯಾಕಿರಲಿಲ್ಲ? ಜಿಗ್ನೇಶ್ ಭಾಯಿ ನನ್ನ ಕಡೆ ನೋಡಿದರು, ನಾನು ಪೆನ್ನಿನ ಕಡೆ.

ಕಾಕಾ ಕುರ್ಚಿಯ ಕೈ ಹಿಡಿದು ಎದ್ದರು. "ಗಲ್ತೀ ಮೇರೀ ಹೈ. ಝಂಡೀ ಲಗಾನಾ ಭೂಲ್ ಗಯಾ."

ಝಂಡಿ ಮರೆತೆ ಎಂದು ಅವರ ಬಾಯಿಂದಲೇ ಬರುವುದೆಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಯಾರೋ, "ವಯಸ್ಸಾಯಿತು ಪಾಪ," ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. 'ಅವರ ಮರೆವಿನಿಂದ' ಎಂದು ನಾನು ನನ್ನ ಕೈಯಾರೆ ಬರೆದೆ. ಇನ್ನು ಮುಂದೆ ಟೆರೇಸಿಗೆ ಬೀಗ, ಕೀಲಿ ಸೆಕ್ರೆಟರಿಯ ಹತ್ತಿರ ಎಂದೂ ಬರೆದೆ.

ಹಾಗಾಗಿ ಕಾಕಾ ದಿನಾ ಬೆಳಿಗ್ಗೆ ಏಳಕ್ಕೆ ತಮ್ಮ ಗಿಡಗಳಿಗೆ ನೀರು ಹಾಕಲು ನನ್ನ ಬಾಗಿಲಿಗೆ ಬಂದು ಕೀಲಿ ಕೇಳಬೇಕಾಯಿತು. "ಕೀಲಿ, ಯವ್ವಾ." ನಾನು ಕೊಡುವೆ. ಒಂದು ದಿನ ಮೆಟ್ಟಿಲ ಮೇಲೆ ಅವರ ಹಿಂದೆ ಓಡಿದೆ.

"ಕಾಕಾ, ಆ ದಿವಸ ಝಂಡಿ..."

ಅವರು ಅಂಗೈ ಎತ್ತಿ ನಿಲ್ಲಿಸಿದರು. "ನನಗೇನ್ ಹೇಳ್ತಿ? ಗಂಟು ನಂದು. ಅದು ಗಾಳಿಗೆ ಬಿಚ್ಚೂದಲ್ಲ. ದಾರದ ಮ್ಯಾಲ ಹಲ್ಲಿನ ಗುರ್ತ ಇತ್ತು. ಮ್ಯಾಲ ಹೋಗಿ ಬಂದಾಕಿ ನೀನ, ಉಳಿದದ್ದು ನಿನ್ನ ಮಾರಿ ಹೇಳ್ತು."

"ಮತ್ತ ಯಾಕ ಹಂಗ ಹೇಳಿದ್ರಿ? ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?"

"ಮೀಟಿಂಗ್ ದಿವಸ ಹುಡುಗಿ ಬಾಗಲದಾಗ ನಿಂತಿತ್ತು. ತಾಯಿ ಸುದ್ದಿ ಹತ್ತ ಮಂದಿ ಬಾಯಿಂದ ಕೇಳಬಾರದು ಅದು. ನೀ ಹೇಳು."

"ಹ್ಯಾಂಗ ಹೇಳ್ಲಿ? ಯಾವಾಗ ಹೇಳ್ಲಿ?"

"ಲೇಟ್ ಆದ್ರ ಅಡ್ಡಿಯಿಲ್ಲ," ಕಾಕಾ ನೀರಿನ ಕ್ಯಾನು ಎತ್ತಿಕೊಂಡರು. "ಕ್ಯಾನ್ಸಲ್ ಆಗಬಾರದು."

ಏಳು ತಿಂಗಳು ಅವರು ಕೀಲಿ ಕೇಳಿದರು, ನಾನು ಕೊಟ್ಟೆ. ಒಂದು ಬೆಳಿಗ್ಗೆ ಕೇಳಲು ಬರಲಿಲ್ಲ.

ಅವರ ಗಿಡಗಳಿಗೆ ಈಗ ಪುಟ್ಟಿ ನೀರು ಹಾಕುತ್ತಾಳೆ. ಅವಳಿಗೆ ಭಯವಿಲ್ಲ, ನನಗಿದೆ. ಬಾಗಿಲಲ್ಲೇ ನಿಂತಿರುತ್ತೇನೆ. ಕಳೆದ ವಾರ ಅವಳು ಕ್ಯಾನು ಹಿಡಿದು ಹೋದವಳು ಗೆರೆಯ ಹತ್ತಿರ ನಿಂತು, ಕೈ ಬೀಸದೆ, ಓಡದೆ, ಹಿಂದೆ ಹಿಂದೆ ನಡೆದು ಬಂದಳು.

"ಮಮ್ಮಾ, ವೋ ಆ ಗಯೇ."

ಟ್ಯಾಂಕಿನ ಕೆಳಗೆ ಅಂಗೈಯಷ್ಟು ಕಪ್ಪು. ಕೆಳಗೆ ಹೋದೆ. ಬಾಗಿಲು ಹಾಕಿ ಕೂತುಬಿಡೋಣ ಅನ್ನಿಸಿತು. ಸಂಕ್ರಾಂತಿ ಬರುತ್ತದೆ, ಬೀಗವಿದ್ದರೂ ಯಾರೋ ಕೀಲಿ ಕೇಳುತ್ತಾರೆ. ಅಡುಗೆಮನೆಯ ಡ್ರಾಯರು ಎಳೆದೆ. ಹನ್ನೊಂದು ತಿಂಗಳಿಂದ ಮಡಿಕೆಯ ಗೆರೆ ಬಿದ್ದ ಬಟ್ಟೆ.

ಮೇಲೆ ಪೈಪಿಗೆ ಅದನ್ನು ಕಟ್ಟುವಾಗ ಗಂಟು ಎರಡು ಸಲ ಜಾರಿತು. ಆ ಕಡೆಯಿಂದ ಸಣ್ಣ ಗುಂಯ್ ಸದ್ದು. ಪುಟ್ಟಿ ನನ್ನ ಕೈಯಿಂದ ದಾರ ತೆಗೆದುಕೊಂಡು ಕಾಕಾ ಕಲಿಸಿದ ಹಾಗೆ ಬಿಗಿದಳು. ಆಮೇಲೆ ಝಂಡಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಅಂಚಿನಲ್ಲಿ ಕಾಕಾ ಹಾಕಿದ ಬಿಳಿ ದಾರದ ಹೊಲಿಗೆ ಇತ್ತು.

"ಯೇ ತೋ ಅಜ್ಜಾವಾಲೀ ಝಂಡೀ ಹೈ. ತುಮ್ಹಾರೇ ಪಾಸ್ ಕೈಸೇ?" ಆಮೇಲೆ ತನ್ನ ಕುಂಟು ಕನ್ನಡದಲ್ಲಿ, ನಿಧಾನವಾಗಿ, "ಅಜ್ಜ ಮರೀಲಿಲ್ಲಾ?"

"ಇಲ್ಲ. ಅವರು ಕಟ್ಟಿದ್ದರು. ಅವತ್ತು ಬೆಳಿಗ್ಗೆ ಬಿಚ್ಚಿದ್ದು ನಾನು."

ಅವಳು ಕತ್ತಿನ ಬದಿಯಲ್ಲಿ, ಮುಳ್ಳು ಚುಚ್ಚಿದ್ದ ಕಡೆ, ಕೈ ಇಟ್ಟುಕೊಂಡಳು. ಬಿಳಿ ಗೆರೆಗೆ ಬೆನ್ನು ಹಾಕಿ ಬಾಗಿಲ ತನಕ ನಡೆದಳು. ನಾನು ಝಂಡಿಯ ಹತ್ತಿರವೇ ನಿಂತೆ. ಕರೆಯುವ ಧೈರ್ಯವಾಗಲಿಲ್ಲ. ಅವಳು ಒಳಗೆ ಹೋದಳು. ಕಬ್ಬಿಣದ ಬಾಗಿಲು ಮುಚ್ಚಿತು.

ಬಹಳ ಹೊತ್ತಿನ ಮೇಲೆ ಒಳಗಿನಿಂದ ಪೈಪಿಗೆ ಬಡಿದದ್ದು ಕೇಳಿತು.

ಒಂದು ಸಲ.